ಕ್ರಿಸ್ತಜಯಂತಿಯ ತಾತ್ಪರ್ಯ

ಧನುರ್ಮಾಸದ ಚಳಿಯಲ್ಲಿ, ಹೆಬ್ಬೂರಿನ ಸುತ್ತಣ ಹಳ್ಳಿಗಳ ರಾಗಿಯು ಕಣವನ್ನು ಸೇರಿ, ಅವರೆಯ ಸೊಗಡು ಮನೆಮನೆಯಲ್ಲಿಯೂ ಹರಡುವ ಕಾಲದಲ್ಲಿ ಕ್ರಿಸ್ಮಸ್ ಹಬ್ಬವು ಬರುತ್ತದೆ. ಅಂಗಡಿಬೀದಿಗಳಲ್ಲಿ ಕಾಗದದ ನಕ್ಷತ್ರಗಳು ತೂಗಾಡುತ್ತವೆ. ಕ್ರೈಸ್ತರ ಮನೆಗಳಲ್ಲಿ ಕಜ್ಜಾಯ, ಕರ್ಜಿಕಾಯಿಗಳು ಸಿದ್ಧವಾಗುತ್ತವೆ. ಮಕ್ಕಳು ಹೊಸ ಬಟ್ಟೆಗಾಗಿ ಕಾದಿರುತ್ತಾರೆ. ಹಬ್ಬವೆಂದ ಮೇಲೆ ಸಡಗರವಿರಬೇಕಾದುದೇ. ಆದರೆ ಯಾರ ನಿಮಿತ್ತವಾಗಿ ಈ ಸಡಗರವೋ ಆತನು ಹುಟ್ಟಿದ ರಾತ್ರಿಯಲ್ಲಿ ಇವು ಯಾವುವೂ ಇರಲಿಲ್ಲವೆಂಬುದನ್ನು ಮರೆತರೆ ಹಬ್ಬದ ತಿರುಳು ನಮಗೆ ದೊರೆಯದು.

ಲೂಕನ ಸುವಾರ್ತೆಯಲ್ಲಿರುವ ವೃತ್ತಾಂತವು ಬಹಳ ಚಿಕ್ಕದು. ರೋಮಿನ ಚಕ್ರವರ್ತಿಯಾದ ಔಗುಸ್ತನು ಜನಗಣತಿಗೆ ಆಜ್ಞೆ ಮಾಡಿದುದರಿಂದ, ಯೋಸೇಫನು ತುಂಬು ಗರ್ಭಿಣಿಯಾದ ಮರಿಯಳೊಡನೆ ನಜರೇತಿನಿಂದ ಬೇತ್ಲೆಹೇಮಿಗೆ ಪ್ರಯಾಣ ಮಾಡಬೇಕಾಯಿತು. ಊರಿನ ಛತ್ರವು ತುಂಬಿಹೋಗಿತ್ತು. ಹುಟ್ಟಿದ ಕೂಸಿಗೆ ದೊರೆತ ತೊಟ್ಟಿಲು ದನಗಳು ಮೇವು ತಿನ್ನುವ ಗೋದಲಿ. ಆ ಸುದ್ದಿಯು ಮೊದಲು ಮುಟ್ಟಿದುದು ಅರಮನೆಗೂ ಅಲ್ಲ, ಗುರುಪೀಠಕ್ಕೂ ಅಲ್ಲ. ಹೊಲದಲ್ಲಿ ರಾತ್ರಿಯೆಲ್ಲ ಮಂದೆಯನ್ನು ಕಾಯುತ್ತಿದ್ದ ಕುರುಬರಿಗೆ.

ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸರ ಪ್ರಯತ್ನದಿಂದ 1831ರಲ್ಲಿ ಸಂಪೂರ್ಣ ಬೈಬಲು ಕನ್ನಡದಲ್ಲಿ ಹೊರಬಿದ್ದಿತು. 1837ರಲ್ಲಿ ವೆಸ್ಲಿಯನ್ ಮಿಷನ್ನಿನವರು ನಮ್ಮ ನೆರೆಯ ಗುಬ್ಬಿಯಲ್ಲಿ ನೆಲೆಯೂರಿದರು. ಹೀಗೆ ಈ ಕಥೆಯು ನಮ್ಮ ಸೀಮೆಯ ಕಿವಿಗೆ ಬಿದ್ದು ಶತಮಾನವೂ ಮುಕ್ಕಾಲೂ ಮೀರಿದೆ. ಕನ್ನಡ ಬೈಬಲಿನ ಭಾಷಾಂತರದಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ದೇವಕುಮಾರನ ಶಯ್ಯೆಗೆ ಸಂಸ್ಕೃತದಿಂದ ಘನವಾದ ಶಬ್ದವೊಂದನ್ನು ತರುವುದು ಪಂಡಿತರಿಗೆ ಕಷ್ಟವಾಗುತ್ತಿರಲಿಲ್ಲ. ಆದರೂ ಅಲ್ಲಿ ನಿಂತುದು ಒಕ್ಕಲಿನ ಕೊಟ್ಟಿಗೆಯ ಗೋದಲಿಯೆಂಬ ಮಾತೇ. ಅದನ್ನು ಕೇಳಿದೊಡನೆ ಹುಲ್ಲಿನ, ಗಂಜಲದ ವಾಸನೆಯೂ ಹಸುವಿನ ಬಿಸಿಯುಸಿರೂ ನೆನಪಾಗುತ್ತವೆ. ಬಣ್ಣ ಬಳಿದು ದೀಪ ಹಚ್ಚಿದ ಗೊಂಬೆಯ ಗೋದಲಿಯಲ್ಲಿ ಅವು ಇಲ್ಲ.

ಇನ್ನೊಂದು ವಿಷಯವೂ ವಿಚಾರಾರ್ಹವಾದುದು. ಯೇಸುವು ಹುಟ್ಟಿದ ದಿನ ಯಾವುದೆಂದು ಸುವಾರ್ತೆಗಳು ಹೇಳುವುದಿಲ್ಲ. ಡಿಸೆಂಬರ್ 25ನೆಯ ದಿನವನ್ನು ರೋಮಾಪುರದಲ್ಲಿ ಕ್ರಿ.ಶ. 336ರ ಹೊತ್ತಿಗೆ ಆಚರಿಸುತ್ತಿದ್ದರೆಂಬುದಕ್ಕೆ ದಾಖಲೆಯುಂಟು; ಆರ್ಮೇನಿಯಾದ ಸಭೆಯವರು ಜನವರಿ 6ರಂದು ಆಚರಿಸುತ್ತಾರೆ. ದಿನ ತಿಳಿಯದೆಂದು ಕೆಲವರು ಆಕ್ಷೇಪಿಸುವುದುಂಟು. ನನಗಾದರೋ ಇದರಲ್ಲಿ ಒಂದು ಸ್ವಾರಸ್ಯವೇ ಕಾಣುತ್ತದೆ. ಬರುವುದಕ್ಕೆ ಗೊತ್ತಾದ ತಿಥಿಯಿಲ್ಲದವನೇ ಅತಿಥಿಯೆಂದು ನಮ್ಮ ಪೂರ್ವಿಕರು ಆ ಶಬ್ದವನ್ನು ಬಿಡಿಸಿದರು. ಹೇಳಿಕಳುಹಿಸಿ ಬರುವವನು ನೆಂಟನು; ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲಲ್ಲಿ ನಿಲ್ಲುವವನು ಅತಿಥಿ. ಈ ಅರ್ಥದಲ್ಲಿ ಬೇತ್ಲೆಹೇಮಿನ ಕೂಸು ನಿಜವಾದ ಅತಿಥಿ.

ದೇವರು ಯಾಚಕನಾಗಿ ಬರುವನೆಂಬುದು, ವಾಮನನು ಬಲಿಯ ಮುಂದೆ ನಿಂತ ಕಥೆಯನ್ನು ಬಲ್ಲ ನಮ್ಮ ನಾಡಿನವರಿಗೆ ಹೊಸ ಮಾತಲ್ಲ. ಈ ಶಿಶುವಾದರೋ ಮೂರು ಹೆಜ್ಜೆಯ ನೆಲವನ್ನೂ ಕೇಳಲಿಲ್ಲ. ಮೈಯೊರಗುವಷ್ಟು ಎಡೆಯನ್ನು ಮಾತ್ರ ಬಯಸಿತು. ಅಷ್ಟೂ ಮನುಷ್ಯರ ನಡುವೆ ದೊರೆಯಲಿಲ್ಲ. ಮುಂದೆ ಆತನೇ ದೊಡ್ಡವನಾಗಿ, ಹಸಿದವನಿಗೆ ಅನ್ನವನ್ನೂ ಪರದೇಶಿಗೆ ಆಶ್ರಯವನ್ನೂ ಕೊಟ್ಟವನು ಅದನ್ನು ತನಗೇ ಕೊಟ್ಟಂತೆಂದು ಬೋಧಿಸಿದನು. ಗೋದಲಿಯಲ್ಲಿ ಮಲಗಿದವನಿಗೆ ಸಹಜವಾದ ಬೋಧೆಯಿದು.

ಆದುದರಿಂದ ಕ್ರಿಸ್ಮಸ್ಸಿನ ಪರೀಕ್ಷೆಯು ನಮ್ಮ ಹೊಸ್ತಿಲಿನಲ್ಲಿದೆ. ಸಾಲ ಮಾಡಿ ಮನೆಯನ್ನು ಸಿಂಗರಿಸಿ, ಕಣದಲ್ಲಿ ದುಡಿದ ಕೂಲಿಯವನಿಗೆ ಅವನ ಹಣವನ್ನು ನಾಳೆಗೆಂದು ತಳ್ಳಿದರೆ ಅದು ಹಬ್ಬವಲ್ಲ. ಜಾತಿಯನ್ನು ಕೇಳಿ ಲೋಟವನ್ನು ಬೇರೆಯಿಡುವ, ಸಂಬಂಧ ಬೆಳೆಸುವಾಗ ಹಳೆಯ ಕೇರಿಯನ್ನು ವಿಚಾರಿಸುವ ಕ್ರೈಸ್ತನು ಛತ್ರದ ಬಾಗಿಲನ್ನು ಮತ್ತೊಮ್ಮೆ ಮುಚ್ಚುತ್ತಾನೆ. ಇದನ್ನು ಅನ್ಯರಿಗಾಗಿ ಬರೆಯುತ್ತಿಲ್ಲ. ಕ್ರಿಸ್ತನ ಹೆಸರನ್ನು ಹೊತ್ತ ನಾವೇ ಮೊದಲು ಕೇಳಬೇಕಾದ ಮಾತಿದು. ಕುರುಬರನ್ನು ಮೊದಲು ಕರೆದ ದೇವರ ಹಬ್ಬದಲ್ಲಿ ಪಂಕ್ತಿಭೇದಕ್ಕೆ ಎಡೆಯೆಲ್ಲಿ?

ಬೇತ್ಲೆಹೇಮಿನ ಛತ್ರದವನು ಕ್ರೂರನೆಂದು ಎಲ್ಲಿಯೂ ಬರೆದಿಲ್ಲ. ಜಾಗವಿರಲಿಲ್ಲ, ಅಷ್ಟೆ. ನಮ್ಮಲ್ಲಿಯೂ ಬಹುಮಂದಿ ಕ್ರೂರರಲ್ಲ. ನಮ್ಮ ಮನೆಗಳು ನಮ್ಮವರಿಂದಲೇ ತುಂಬಿವೆ, ಅಷ್ಟೆ. ಈ ಡಿಸೆಂಬರಿನಲ್ಲಿ ಗೃಹಿಣಿಯರು ಎಲೆಗಳನ್ನು ಹಾಕುವಾಗ, ಕರೆಯದೆ ಬರಬಹುದಾದವನಿಗೆಂದು ಒಂದೆಲೆಯನ್ನು ಹೆಚ್ಚಾಗಿ ಹಾಕಲಿ. ಯಾರೂ ಬಾರದಿದ್ದರೆ, ಒಂಟಿಯಾಗಿರುವ ನೆರೆಯ ಮುದುಕಿಯನ್ನು ಮಕ್ಕಳು ಹೋಗಿ ಕೈಹಿಡಿದು ಕರೆತರಲಿ.