ಹೆಸರಿಲ್ಲದ ಬಾಟಲಿ

ಪೀಣ್ಯ ಎರಡನೇ ಹಂತದ ಒಂದು ಪ್ಲೇಟಿಂಗ್ ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ನಟ್ಟು, ಬೋಲ್ಟು, ಬೈಕಿನ ಬಿಡಿಭಾಗ, ಬಾಗಿಲ ಹಿಡಿಗಳಿಗೆ ಸತು, ನಿಕ್ಕಲ್, ಕ್ರೋಮ್ ಲೇಪ ಹಾಕುವ ಜಾಗ ಇದು. ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಈ ಕಸುಬಿಗೆ ಬಂದು 20 ವರ್ಷ ದಾಟಿತು. ಬೆಳಿಗ್ಗೆ ಬಂದವಳೇ ಬ್ಯಾಗು ಇಟ್ಟು ಶೆಡ್ಡಿನೊಳಗೆ ಒಂದು ಸುತ್ತು ಹಾಕುತ್ತೇನೆ. ಟ್ಯಾಂಕುಗಳ ಹಿಂದೆ, ಕಿಟಕಿ ಕಟ್ಟೆ ಮೇಲೆ, ಮೋಟಾರಿನ ಮಗ್ಗುಲಲ್ಲಿ ಹೆಸರಿಲ್ಲದ ಬಾಟಲಿಯೋ ಮಗ್ಗೋ ಇದೆಯೇ ಎಂದು ಹುಡುಕುತ್ತೇನೆ. ಆಮೇಲೆಯೇ ಸ್ಟೋರಿನ ಬೀಗ ತೆಗೆಯುವುದು.

ಈ ಅಭ್ಯಾಸ ಅಂಟಿದ್ದು ಇದಕ್ಕೂ ಮುಂಚೆ ನಾನಿದ್ದ ಇನ್ನೊಂದು ಕಾರ್ಖಾನೆಯಲ್ಲಿ. ಮೇ ತಿಂಗಳ ಮಧ್ಯಾಹ್ನ. ಯಾದಗಿರಿ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಜಿಗ್ಗಿನಿಂದ ಮಾಲು ಬಿಚ್ಚಿ ಬಿಚ್ಚಿ ಬಾಯಾರಿದ್ದ. ಕಿಟಕಿ ಕಟ್ಟೆ ಮೇಲೆ ಒಂದು ಲೀಟರಿನ ಕುಡಿಯುವ ನೀರಿನ ಬಾಟಲಿ ಅರ್ಧ ತುಂಬಿತ್ತು, ಅದರ ನೀಲಿ ಚೀಟಿಯೂ ಹಾಗೇ ಇತ್ತು. ಎತ್ತಿ ಒಂದು ಗುಟುಕು ಕುಡಿದ. ಅದು ಕಾಸ್ಟಿಕ್ ಸೋಡಾ ದ್ರಾವಣ. ಕಟ್ಟಿಕೊಂಡ ಮೋರಿಗೆ ಹಾಕಲೆಂದು ಹಿಂದಿನ ಪಾಳಿಯವರು ಡ್ರಮ್ಮಿನಿಂದ ಸುರಿದುಕೊಂಡು, ಮಿಕ್ಕಿದ್ದನ್ನು ಅಲ್ಲೇ ಬಿಟ್ಟು ಹೋಗಿದ್ದರು. ಕಾಸ್ಟಿಕ್ ದ್ರಾವಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣಿಗೆ ಅದು ನೀರೇ.

ಯಾರೋ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದರು. ಇನ್ಯಾರೋ ನಿಂಬೆಹಣ್ಣು ತರಲು ಓಡಿದರು, ಹುಳಿ ಹಾಕಿದರೆ ಕ್ಷಾರ ಸಾಯುತ್ತದೆ ಎಂಬ ಲೆಕ್ಕದಲ್ಲಿ. ಎರಡೂ ತಪ್ಪು. ವಾಂತಿಯಾದರೆ ಇಳಿಯುವಾಗ ಸುಟ್ಟದ್ದು ಹತ್ತುವಾಗ ಮತ್ತೊಮ್ಮೆ ಸುಡುತ್ತದೆ. ಹುಳಿ ಮತ್ತು ಕ್ಷಾರ ಸೇರಿದರೆ ಶಾಖ ಹುಟ್ಟುತ್ತದೆ. ಬಾಯಿ ಚೆನ್ನಾಗಿ ತೊಳೆಸಿ, ವಾಂತಿ ಮಾಡಿಸದೆ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಕಾಸ್ಟಿಕ್ ಸೋಡಾದ ಸುರಕ್ಷತಾ ಮಾಹಿತಿ ಪತ್ರದ ನಾಲ್ಕನೇ ಭಾಗದಲ್ಲಿ ಇದಿಷ್ಟೂ ಇದೆ. ಆ ಪತ್ರವಿದ್ದ ಫೈಲು ಆಫೀಸಿನ ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ಬ್ಯಾಂಕಿಗೆ ಹೋಗಿದ್ದ ಮ್ಯಾನೇಜರ ಜೇಬಿನಲ್ಲಿತ್ತು. ನಾನು ಬೀರುವಿನ ಮುಂದೆ ನಿಂತಿದ್ದಾಗಲೇ ಆಚೆ ಉಪ್ಪುನೀರು ಕುಡಿಸಿ ಆಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಏನು ಕುಡಿದಿದ್ದು? ಎಷ್ಟು ಪರ್ಸೆಂಟು?" ಮೊದಲ ಪ್ರಶ್ನೆಗೆ ಉತ್ತರವಿತ್ತು, ಎರಡನೆಯದಕ್ಕೆ ಇರಲಿಲ್ಲ.

ಹುಡುಗ ಬದುಕಿದ. ಅನ್ನನಾಳ ಸುಟ್ಟು, ಗಾಯ ಮಾಯುತ್ತಾ ಮಾಯುತ್ತಾ ಒಳಗೆ ಕಿರಿದಾಗಿ ಹೋಯಿತು. ಅದನ್ನು ಹಿಗ್ಗಿಸಲು ಅವನು ಮತ್ತೆ ಮತ್ತೆ ಆಸ್ಪತ್ರೆಗೆ ಅಲೆದ. ಒಂದು ವರ್ಷವಾದರೂ ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿಲ್ಲ ಎಂದು ಅವನ ಅಣ್ಣ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಡ್ರಮ್ಮಿನ ಮೇಲೆ ಎಲ್ಲವನ್ನೂ ಬರೆದಿತ್ತು. ಬಾಟಲಿಯ ಮೇಲೆ ಇದ್ದದ್ದು ನೀರಿನ ಚೀಟಿ ಮಾತ್ರ. ನಾನು ಕಂಡಂತೆ ರಾಸಾಯನಿಕದ ಅವಘಡಗಳು ಕಾದು ಕೂತಿರುವುದು ಇಂಥ ಎರಡನೇ ಪಾತ್ರೆಯಲ್ಲಿ. ಸುರಿದುಕೊಂಡವನಿಗೆ ಒಳಗೇನಿದೆ ಗೊತ್ತು. ಲೇಬಲ್ಲು ಬೇಕಾಗುವುದು ಅವನು ಮನೆಗೆ ಹೋದ ಮೇಲೆ ಬರುವವನಿಗೆ.

ಡ್ರಮ್ಮಿನ ಲೇಬಲ್ಲನ್ನು ಒಮ್ಮೆ ಹತ್ತಿರದಿಂದ ನೋಡೋಣ. ಮೇಲೆ ರಾಸಾಯನಿಕದ ಹೆಸರು. ಅದರ ಕೆಳಗೆ ಒಂದೇ ಒಂದು ಪದ: ಡೇಂಜರ್ ಅಥವಾ ವಾರ್ನಿಂಗ್. ಎರಡರಲ್ಲಿ ಡೇಂಜರ್ ಹೆಚ್ಚು ಕಠಿಣ. ಪಕ್ಕದಲ್ಲಿ ತುದಿಯ ಮೇಲೆ ನಿಲ್ಲಿಸಿದ ಕೆಂಪು ಅಂಚಿನ ಚೌಕ, ಬಿಳಿಯ ಮೇಲೆ ಕಪ್ಪು ಚಿತ್ರ. ಆಮೇಲೆ ಏನು ಅಪಾಯ ಎಂಬ ವಾಕ್ಯ, ಏನು ಮಾಡಬೇಕು ಎಂಬ ವಾಕ್ಯಗಳು, ಕೊನೆಗೆ ಮಾರಿದವರ ವಿಳಾಸ. ಕಾಸ್ಟಿಕ್ ಡ್ರಮ್ಮಿನ ಮೇಲೆ 'ಎಚ್ 314' ಎಂದಿದ್ದರೆ ಚರ್ಮ, ಕಣ್ಣು ತೀವ್ರವಾಗಿ ಸುಡುತ್ತದೆ ಎಂದು ಅರ್ಥ. ಭಾಷೆ ಯಾವುದಾದರೂ ಆ ಸಂಖ್ಯೆಯ ಅರ್ಥ ಬದಲಾಗದು. ಈ ಏಕರೂಪದ ಪದ್ಧತಿ ಬೇಕೆಂದು ಒತ್ತಾಯ ಬಂದದ್ದು 1992ರ ರಿಯೋ ಶೃಂಗಸಭೆಯಲ್ಲಿ. ವಿಶ್ವಸಂಸ್ಥೆ ಅದನ್ನು ಪುಸ್ತಕವಾಗಿ ಮೊದಲು ಪ್ರಕಟಿಸಿದ್ದು 2003ರಲ್ಲಿ.

ಚಿತ್ರಗಳು ಒಟ್ಟು ಒಂಬತ್ತು. ತಲೆಬುರುಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಕೈಯ ಮೇಲೂ ಲೋಹದ ಮೇಲೂ ಹನಿ ಬಿದ್ದು ತಿನ್ನುತ್ತಿರುವ ಚಿತ್ರವೂ ಹಾಗೆಯೇ, ನೋಡಿದೊಡನೆ ತಿಳಿಯುತ್ತದೆ. ಜನ ಎಡವುವುದು ಇನ್ನೆರಡರಲ್ಲಿ.

ಒಂದು, ಉರಿಯುವ ಜ್ವಾಲೆಯ ಕೆಳಗೆ ದುಂಡಗಿನ ಬಳೆ ಇರುವ ಚಿತ್ರ. ಬರೀ ಜ್ವಾಲೆ ಇದ್ದರೆ ಈ ವಸ್ತು ತಾನೇ ಉರಿಯುತ್ತದೆ ಎಂದರ್ಥ. ಕೆಳಗೆ ಬಳೆ ಇದ್ದರೆ ಇದು ಪಕ್ಕದಲ್ಲಿರುವುದನ್ನು ಉರಿಸುತ್ತದೆ. ಕ್ರೋಮಿಕ್ ಆಸಿಡ್ ಅಂಥದು, ಗಾಢ ನೈಟ್ರಿಕ್ ಆಸಿಡ್ಡೂ ಅಂಥದೇ. ನೆಲಕ್ಕೆ ಆಸಿಡ್ ಚೆಲ್ಲಿದರೆ ಮರದ ಹೊಟ್ಟು ಎರಚುವುದು ನಮ್ಮ ಕಡೆ ಹಳೆಯ ರೂಢಿ. ನೈಟ್ರಿಕ್ ಮೇಲೆ ಹೊಟ್ಟು ಹಾಕಿದರೆ ಹೊಟ್ಟಿಗೇ ಬೆಂಕಿ ಹತ್ತಬಹುದು. ಬಳೆಯ ಅರ್ಥ ಗೊತ್ತಿದ್ದವರು ಹೊಟ್ಟಿನ ಚೀಲ ಬಿಟ್ಟು ಮರಳಿನ ಬಕೆಟ್ಟಿಗೆ ಕೈ ಹಾಕುತ್ತಾರೆ.

ಇನ್ನೊಂದು, ಮನುಷ್ಯನ ಎದೆಯಲ್ಲಿ ನಕ್ಷತ್ರ ಸಿಡಿದಂತಿರುವ ಚಿತ್ರ. ಇದು ಹೆಚ್ಚಾಗಿ ಇವತ್ತಿನ ಅಪಾಯದ ಗುರುತಲ್ಲ, ವರ್ಷಗಳ ಮೇಲೆ ಬರುವುದರ ಗುರುತು: ಕ್ಯಾನ್ಸರ್, ಶ್ವಾಸಕೋಶ ಕೆಡುವುದು, ಗರ್ಭಕ್ಕೆ ತೊಂದರೆ. ನನಗೆ ಈ ಕಸುಬು ಕಲಿಸಿದ ಹಿರಿಯ ಪ್ಲೇಟರ್ ಒಬ್ಬರಿದ್ದರು, ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಕ್ರೋಮ್ ಟ್ಯಾಂಕಿನ ಮುಂದೆ ಅವರ ಅರ್ಧ ಆಯುಷ್ಯ ಕಳೆದಿತ್ತು. ಟ್ಯಾಂಕಿನಿಂದ ಏಳುವ ಹಳದಿ ಮಂಜನ್ನು ಉಸಿರಾಡಿ ಉಸಿರಾಡಿ ಮೂಗಿನ ನಡುಗೋಡೆಯಲ್ಲಿ ತೂತು ಬಿದ್ದಿತ್ತು. ನೋವಿಲ್ಲದ್ದರಿಂದ ಅದನ್ನು ಯಾವ ಡಾಕ್ಟರಿಗೂ ತೋರಿಸಿರಲಿಲ್ಲ. "ಕ್ರೋಮ್ ಕೆಲಸ ಮಾಡಿದೋರಿಗೆ ಇದೊಂದು ಮುದ್ರೆ ಬೀಳ್ತದಮ್ಮ" ಎನ್ನುತ್ತಿದ್ದರು, ಮದುವೆ ಮುಂಜಿಯಷ್ಟು ಸಹಜವೆಂಬಂತೆ. ಆರು ವೇಲೆನ್ಸಿಯ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಎಂಬುದು ವೈದ್ಯಲೋಕಕ್ಕೆ ಗೊತ್ತಿದ್ದ ವಿಷಯ. ಅವರಿಗೆ ಅದನ್ನು ಹೇಳಿದವರಿರಲಿಲ್ಲ. ಎದೆಯ ನಕ್ಷತ್ರದ ಚಿತ್ರ ಕಂಡಾಗಲೆಲ್ಲ ನನಗೆ ಮೇಸ್ತ್ರಿಯ ಮುಖ ಎದುರು ಬರುತ್ತದೆ.

ಸಂಖ್ಯೆಗಳಲ್ಲೂ ಒಂದು ಗೊಂದಲವಿದೆ, ತಿಳಿದುಕೊಂಡಿದ್ದರೆ ಒಳ್ಳೆಯದು. ಕೆಲವು ಗೋದಾಮುಗಳ ಬಾಗಿಲಲ್ಲಿ ನೀಲಿ, ಕೆಂಪು, ಹಳದಿ, ಬಿಳಿ ಎಂಬ ನಾಲ್ಕು ಮನೆಯ ಚೌಕ ಇರುತ್ತದೆ. ಅದು ಅಗ್ನಿಶಾಮಕರಿಗಾಗಿ ಅಮೆರಿಕದಲ್ಲಿ ಹುಟ್ಟಿದ ಪದ್ಧತಿ. ಅದರಲ್ಲಿ 0 ಎಂದರೆ ಅಪಾಯವಿಲ್ಲ, 4 ಎಂದರೆ ಅತಿ ಅಪಾಯ. ವಿಶ್ವಸಂಸ್ಥೆಯ ಪದ್ಧತಿಯಲ್ಲಿ ಇದು ತಿರುವುಮುರುವು: ಒಂದನೇ ವರ್ಗವೇ ಅತಿ ಕೆಟ್ಟದ್ದು. ಎರಡನ್ನೂ ಒಂದೇ ಎಂದು ಓದಿದವನಿಗೆ ಪ್ರಾಣ ತೆಗೆಯುವ ವಿಷ ಸೌಮ್ಯವಾಗಿ ಕಾಣುತ್ತದೆ.

ಲೇಬಲ್ಲಿನಲ್ಲಿ ಹಿಡಿಸದ ವಿವರವೆಲ್ಲ ಮಾಹಿತಿ ಪತ್ರದಲ್ಲಿರುತ್ತದೆ, 16 ಭಾಗಗಳಲ್ಲಿ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ನಾಲ್ಕು ಪ್ರಥಮ ಚಿಕಿತ್ಸೆ, ಐದು ಬೆಂಕಿ, ಆರು ಚೆಲ್ಲಿದರೆ ಏನು ಮಾಡಬೇಕು, ಎಂಟು ಯಾವ ಗ್ಲೌಸು ಯಾವ ಮಾಸ್ಕು, ಹತ್ತು ಯಾವುದರ ಜೊತೆ ಸೇರಬಾರದು. ನಮ್ಮಲ್ಲಿ ಈ ಫೈಲು ಈಗ ಟ್ಯಾಂಕಿನ ಸಾಲಿನ ತುದಿಯಲ್ಲಿ, ಕಣ್ಣು ತೊಳೆಯುವ ನಲ್ಲಿಯ ಪಕ್ಕದ ಗೋಡೆಗೆ ತೂಗುಬಿದ್ದಿದೆ. ಬೀಗವಿಲ್ಲ.

ಆ ನಲ್ಲಿಯ ಹತ್ತಿರ ಹೊಸಬರಿಗೆಲ್ಲ ಒಂದು ಪಾಠ ಮಾಡುತ್ತೇನೆ. ಕಣ್ಣಿಗೆ ಆಸಿಡ್ಡೋ ಕಾಸ್ಟಿಕ್ಕೋ ಹಾರಿದರೆ ಕಡಿಮೆಯೆಂದರೂ 15 ನಿಮಿಷ ರೆಪ್ಪೆ ಬಿಡಿಸಿ ಹಿಡಿದು ತೊಳೆಯಬೇಕು. 15 ನಿಮಿಷ ಎಷ್ಟು ದೊಡ್ಡದು ಎಂಬುದು ಬಾಯಲ್ಲಿ ಹೇಳಿದರೆ ತಿಳಿಯದು. ಅದಕ್ಕೇ ಗಡಿಯಾರ ನೋಡುತ್ತಾ ಸುಮ್ಮನೆ ಅಲ್ಲಿ ನಿಲ್ಲಲು ಹೇಳುತ್ತೇನೆ. ಮೂರನೇ ನಿಮಿಷಕ್ಕೆ "ಆಯ್ತಾ ಅಕ್ಕ?" ಎಂದು ಶುರುವಾಗುತ್ತದೆ. ಇನ್ನೂ ಹನ್ನೆರಡು ಉಳಿದಿರುತ್ತದೆ.

ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ಸೋರಿದಾಗ, ಉಸಿರು ಕಟ್ಟಿ ಬಂದ ಸಾವಿರಾರು ಜನರಿಗೆ ಯಾವ ಅನಿಲ, ಏನು ಚಿಕಿತ್ಸೆ ಎಂಬುದೇ ಅಲ್ಲಿನ ಡಾಕ್ಟರುಗಳಿಗೆ ಗೊತ್ತಿರಲಿಲ್ಲ. ಆ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಕೆಲಸದ ವಿವರವನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸುವುದು ಕಾರ್ಖಾನೆ ನಡೆಸುವವರ ಕರ್ತವ್ಯವಾಯಿತು. ಆ ಮಾಹಿತಿ ಕೇಳಿ ಪಡೆಯುವುದು ಕಾರ್ಮಿಕರ ಹಕ್ಕಾಯಿತು. ಡಬ್ಬದ ಮೇಲೆ ಒಳಗೇನಿದೆ ಎಂದು ಸ್ಪಷ್ಟವಾಗಿ ಬರೆಯಬೇಕು, ಮಾಹಿತಿ ಪತ್ರ ಇರಬೇಕು ಎಂಬ ನಿಯಮ 1989ರಲ್ಲಿ ಬಂತು. ಮಾರ್ಚ್ 4ರ ಸುರಕ್ಷತಾ ದಿನದಂದು ನಾವೆಲ್ಲ ಎದೆಗೆ ಬ್ಯಾಡ್ಜು ಚುಚ್ಚಿಕೊಂಡು ಪ್ರತಿಜ್ಞೆ ಮಾಡುತ್ತೇವೆ. ಪ್ರತಿಜ್ಞೆಯ ಜೊತೆಗೆ ಈ ಹಕ್ಕನ್ನೂ ಓದಿ ಹೇಳಬೇಕು ಎಂದು ಹಟ ಹಿಡಿದೆ. ಈಗ ಓದುತ್ತೇವೆ.

ಲೇಬಲ್ಲು ಓದಲು ಬಂದರೆ ಸ್ಟೋರಿನಲ್ಲಿ ಯಾವುದನ್ನು ಎಲ್ಲಿ ಇಡಬೇಕು ಎಂಬುದೂ ಬರುತ್ತದೆ. ನಾನು ಸೇರಿದಾಗ ಮಾಲನ್ನೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿದ್ದರು, ಹುಡುಕಲು ಸುಲಭವೆಂದು. 'ಎಸ್' ಸಾಲಿನಲ್ಲಿ ಸೋಡಿಯಂ ಸೈನೈಡ್, ಅದರ ಮಗ್ಗುಲಲ್ಲೇ ಸಲ್ಫ್ಯೂರಿಕ್ ಆಸಿಡ್. ಇವೆರಡು ಸೇರಿದರೆ ಹುಟ್ಟುವುದು ಹೈಡ್ರೋಜನ್ ಸೈನೈಡ್ ಅನಿಲ, ನಿಮಿಷಗಳಲ್ಲಿ ಪ್ರಾಣ ತೆಗೆಯುವಂಥದು. ಕಹಿ ಬಾದಾಮಿಯ ವಾಸನೆ ಬರುತ್ತದೆ ಎನ್ನುತ್ತಾರೆ, ಆದರೆ ಹುಟ್ಟಿನಿಂದಲೇ ಆ ವಾಸನೆ ತಿಳಿಯದವರೂ ಇದ್ದಾರೆ. ಮೂಗನ್ನು ನಂಬಿ ಕೂರುವ ಹಾಗಿಲ್ಲ. ಆ ಸಾಲನ್ನು ಮೊದಲ ದಿನವೇ ಒಡೆಸಿದೆ. ಈಗ ಸೈನೈಡಿಗೆ ಬೇರೆ ಕೋಣೆ, ಬೇರೆ ಬೀಗ, ಬೇರೆ ಮೋರಿ. ಆ ಕೋಣೆಗೆ ಆಸಿಡ್ಡಿನ ಮಗ್ಗು ಹಿಡಿದು ಯಾರೂ ಕಾಲಿಡುವಂತಿಲ್ಲ.

ಇಂಥದೇ ಜೋಡಿ ಮನೆಯ ಬಚ್ಚಲಲ್ಲೂ ಇರುತ್ತದೆ. ಟಾಯ್ಲೆಟ್ ತೊಳೆಯುವ ದ್ರವದಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್, ಬ್ಲೀಚಿನಲ್ಲಿ ಹೈಪೋಕ್ಲೋರೈಟ್. ಚೆನ್ನಾಗಿ ಹೊಳೆಯಲಿ ಎಂದು ಎರಡನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇದನ್ನು ಬರೆದಿರುತ್ತಾರೆ. ದಯವಿಟ್ಟು ಓದಿ, ಮನೆಗೆಲಸಕ್ಕೆ ಬರುವವರಿಗೂ ಓದಿ ಹೇಳಿ. ರಸ್ತೆಯಲ್ಲೂ ಲೇಬಲ್ಲುಗಳು ಓಡಾಡುತ್ತವೆ. ತುಮಕೂರು ರಸ್ತೆಯ ಬಸ್ಸಿನಲ್ಲಿ ಕೂತಾಗ ಮುಂದಿನ ಟ್ಯಾಂಕರಿನ ಹಿಂಬದಿ ನೋಡುವುದು ನನಗೆ ರೂಢಿಯಾಗಿದೆ. 1203 ಎಂದಿದ್ದರೆ ಪೆಟ್ರೋಲ್, 1789 ಹೈಡ್ರೋಕ್ಲೋರಿಕ್ ಆಸಿಡ್, 1830 ಸಲ್ಫ್ಯೂರಿಕ್. ಪೆಟ್ರೋಲಿನ ಜೊತೆಗಿರುವ '3ವೈಇ' ಎಂಬ ಗುರುತಿನಲ್ಲಿ 3 ಎಂದರೆ ನೊರೆಯಿಂದ ಆರಿಸಿ, ಕೊನೆಯ ಅಕ್ಷರವೆಂದರೆ ಸುತ್ತಲಿನ ಜನರನ್ನು ದೂರ ಕಳಿಸುವ ಯೋಚನೆ ಮಾಡಿ. ಟ್ಯಾಂಕರು ಮಗುಚಿದ್ದು ಕಂಡರೆ ಹತ್ತಿರ ಹೋಗದೆ, ದೂರದಿಂದಲೇ ಆ ನಾಲ್ಕು ಅಂಕಿ ಓದಿ ಅಗ್ನಿಶಾಮಕದವರಿಗೆ ಫೋನಿನಲ್ಲಿ ಹೇಳಿದರೆ ಅದು ದೊಡ್ಡ ಉಪಕಾರ.

ಮತ್ತೆ ನನ್ನ ಎರಡನೇ ಪಾತ್ರೆಗೆ ಬರುತ್ತೇನೆ. ನಮ್ಮ ಶೆಡ್ಡಿನಲ್ಲಿ ಕಲಬುರಗಿ, ಯಾದಗಿರಿಯವರಿದ್ದಾರೆ, ಬಿಹಾರ, ಒಡಿಶಾದವರಿದ್ದಾರೆ. ಡ್ರಮ್ಮಿನ ಇಂಗ್ಲಿಷ್ ಅವರಲ್ಲಿ ಬಹುಪಾಲು ಜನರಿಗೆ ಗೋಡೆಯ ಮೇಲಿನ ಗೀಚು. ಅದಕ್ಕೆ ಕನ್ನಡ, ಹಿಂದಿ ಎರಡರಲ್ಲೂ ಸಣ್ಣ ಚೀಟಿ ಮಾಡಿಸಿದ್ದೇನೆ: ಹೆಸರು, ಎಷ್ಟು ಪರ್ಸೆಂಟು, ಚಿತ್ರ, 'ಸುಡುತ್ತದೆ' ಅಥವಾ 'ವಿಷ' ಎಂಬ ಒಂದು ಪದ, ಸುರಿದ ದಿನ, ಸುರಿದವರ ಹೆಸರು. ಆಸಿಡ್ಡಿನ ಹಬೆಗೆ ಶಾಯಿ ಅಳಿಸದಿರಲೆಂದು ಮೇಲೆ ಪಾರದರ್ಶಕ ಟೇಪು. ಕುಡಿಯುವ ನೀರಿನ ಬಾಟಲಿಗೆ ಶೆಡ್ಡಿನೊಳಗೆ ಪ್ರವೇಶವೇ ಇಲ್ಲ. ನೀರಿನ ಜಾಗ ಹೊರಗೆ, ಗೇಟಿನ ಪಕ್ಕ. ಪಾತ್ರೆ ಸಣ್ಣದು, ಈಗಲೇ ಖಾಲಿ ಮಾಡುತ್ತೇನೆ ಎಂಬ ಮಾತು ನಡೆಯುವುದಿಲ್ಲ. ಈಗಲೇ ಖಾಲಿ ಮಾಡುತ್ತೇನೆ ಎಂದವರೇ ಅಂದು ಮೋರಿ ತೊಳೆದು ಮನೆಗೆ ಹೋಗಿದ್ದು.

ಹೋದ ವಾರ ಒಡಿಶಾದ ಹುಡುಗನೊಬ್ಬ ಸ್ಟೋರಿನ ಕೌಂಟರಿಗೆ ಬಂದ. ಗ್ಲೌಸು ತೊಟ್ಟ ಎರಡೂ ಕೈಯಲ್ಲಿ ಒಂದು ಪ್ಲಾಸ್ಟಿಕ್ ಮಗ್ಗು, ಒಳಗೆ ತಿಳಿಯಾದ ದ್ರವ. "ದೀದಿ, ಇದಕ್ಕೆ ಹೆಸರಿಲ್ಲ" ಎಂದು ನಿಧಾನವಾಗಿ ಇಟ್ಟ. ಪಿಎಚ್ ಕಾಗದದ ತುಂಡೊಂದನ್ನು ಅದ್ದಿದೆ. ಹಳದಿ ಕಾಗದ ನೋಡುನೋಡುತ್ತಲೇ ಕಡುನೀಲಿಗೆ ತಿರುಗಿತು. ಸಾಲಿನ ಕಡೆ ತಿರುಗಿ ಯಾರದು ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಮತ್ತೆ ಕೇಳಲು ಹೋಗಲಿಲ್ಲ. ಬೈದರೆ ಮುಂದಿನ ಮಗ್ಗನ್ನು ಟ್ಯಾಂಕಿನ ಹಿಂದೆ ಬಚ್ಚಿಡುತ್ತಾರೆ. ಒಂದು ಚೀಟಿ ತೆಗೆದು 'ಗುರುತಿಲ್ಲದ ಕ್ಷಾರ, ಸುಡುತ್ತದೆ, ಎಸೆಯಲು' ಎಂದು ಎರಡೂ ಭಾಷೆಯಲ್ಲಿ ಬರೆದೆ. ಸುರಿದವರ ಹೆಸರಿನ ಜಾಗ ಖಾಲಿ ಬಿಟ್ಟು, ಅದರ ಕೆಳಗೆ 'ಕಂಡುಹಿಡಿದವರು' ಎಂದು ಗೆರೆ ಎಳೆದು ಪೆನ್ನನ್ನು ಅವನ ಕೈಗೆ ಕೊಟ್ಟೆ. ಗ್ಲೌಸು ಬಿಚ್ಚಿ, ಕೈ ತೊಳೆದು ಬಂದು, ಒಡಿಯಾದಲ್ಲಿ ತನ್ನ ಹೆಸರು ಬರೆದ.