ಹೊಲದ ಕಾವಲಿಗೆ ಮೊಬೈಲು

ನೇಗಿಲು, ಕುಂಟೆ, ಕೂರಿಗೆ, ಕುಡುಗೋಲು, ಇವು ರೈತನ ಉಪಕರಣಗಳೆಂದು ನಾವು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇವೆ. ಈಚೆಗೆ ಒಬ್ಬ ಹುಡುಗನು ಎದ್ದು ನಿಂತು, “ಸಾರ್, ಮೊಬೈಲು ಸೇರಿಸಲಿಲ್ಲವಲ್ಲ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಆದರೆ ಅದು ನಗೆಯ ಮಾತಲ್ಲ. ಅರ್ಧ ಎಕರೆ ರಾಗಿಯನ್ನು ತೆತ್ತು ನಾವು ಆ ಪಾಠವನ್ನು ಕಲಿತಿದ್ದೇವೆ.

ಬನ್ನೇರುಘಟ್ಟದ ಕಡೆಯಿಂದ ಹೊರಟ ಆನೆಗಳು ಜವಳಗಿರಿ, ತಳಿ, ಡೆಂಕಣಿಕೋಟೆಯ ಕಾಡುಗಳನ್ನು ಹಿಡಿದು ಬರುವುದು ಇಂದು ನಿನ್ನೆಯ ಸಂಗತಿಯಲ್ಲ. ಮುಂಗಾರಿನ ರಾಗಿ ತೆನೆಗಟ್ಟಿತೆಂದರೆ ನಮಗೆ ನಿದ್ದೆಯಿಲ್ಲ. ಹಿಂದೆ ಅಟ್ಟಣೆಯ ಮೇಲೆ ಕುಳಿತವನು ತಮಟೆ ಬಡಿದರೆ ಮುಂದಿನ ಹೊಲದವನು ಎಚ್ಚರಗೊಳ್ಳುತ್ತಿದ್ದನು. ಈಗ ಮೊದಲು ಕಂಡವನು ಮೊಬೈಲಿನಲ್ಲಿ ನಾಲ್ಕು ಮಾತು ಹೇಳಿ ಊರ ವಾಟ್ಸಾಪ್ ಗುಂಪಿಗೆ ಕಳುಹಿಸುತ್ತಾನೆ. ಕ್ಷಣದಲ್ಲಿ ಮೂರು ಊರುಗಳಿಗೆ ಸುದ್ದಿ ಮುಟ್ಟುತ್ತದೆ.

ಹೋದ ಕಾರ್ತಿಕದಲ್ಲಿ ಒಂದು ರಾತ್ರಿ ಈ ಸುದ್ದಿ ನಮಗೆ ಮುಟ್ಟಲಿಲ್ಲ. ಸಂತೆಯಲ್ಲಿ ಎಂಬತ್ತು ರೂಪಾಯಿಗೆ ಕೊಂಡ ಚಾರ್ಜರಿಗೆ ಫೋನನ್ನು ಸಿಕ್ಕಿಸಿ ಮಲಗಿದ್ದೆವು. ಅದು ಕೈಸುಡುವಷ್ಟು ಕಾದದ್ದೇ ಹೊರತು ಫೋನಿಗೆ ಕರೆಂಟು ಏರಿರಲಿಲ್ಲ. ನಡುರಾತ್ರಿ ಕಳೆದ ಮೇಲೆ ಆನೆಗಳು ನಮ್ಮ ಹೊಲಕ್ಕೆ ಇಳಿದವು. ಇದನ್ನರಿಯದೆ ನಮ್ಮ ತಂದೆಯವರು ನಾಲ್ಕು ಗಂಟೆಯ ಕತ್ತಲಲ್ಲಿ ಅದೇ ಕಾಲುದಾರಿ ಹಿಡಿದಿದ್ದರು. ಪಕ್ಕದ ಹೊಲದ ಗೌಡರು ಓಡಿಬಂದು ಅವರನ್ನು ತಡೆದು ನಿಲ್ಲಿಸಿದರು. ಬೆಳಗ್ಗೆ ಅವರು, “ಮೇಷ್ಟ್ರೇ, ಹನ್ನೊಂದು ಸಲ ಫೋನು ಹಾಕಿದೆ. ನಿಮ್ಮದು ಸತ್ತು ಬಿದ್ದಿತ್ತಲ್ಲ!” ಎಂದಾಗ ನಮಗೆ ತಲೆಯೆತ್ತಲಾಗಲಿಲ್ಲ. ರಾಗಿ ಮರುವರ್ಷ ಬೆಳೆದೀತು. ಹೋದ ಜೀವ ಬಂದೀತೇ?

ಮೊಬೈಲಿನಿಂದ ಜೀವ ಉಳಿಸುವ ಕೆಲಸ ಬೇರೆಡೆಗಳಲ್ಲಿ ವ್ಯವಸ್ಥಿತವಾಗಿಯೇ ನಡೆದಿದೆ. ನಮ್ಮ ರಾಜ್ಯದ ವಾಲ್ಪಾರೈ ಚಹಾತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು ಅರಣ್ಯ ಇಲಾಖೆಯೊಡನೆ ಸೇರಿ, ಆನೆ ಇರುವ ಕಡೆಯ ಜನರಿಗೆ ಮೊಬೈಲಿನಲ್ಲಿ ಸುದ್ದಿ ಕಳುಹಿಸುವ ಏರ್ಪಾಡು ಮಾಡಿದರು. ಕವಲುದಾರಿಗಳಲ್ಲಿ ಕೆಂಪು ದೀಪಗಳನ್ನು ನಿಲ್ಲಿಸಿ, ಅವು ಮೊಬೈಲ್ ಕರೆಯಿಂದಲೇ ಹೊತ್ತಿಕೊಳ್ಳುವಂತೆ ಮಾಡಿದರು. ಈ ಕಾರ್ಯಕ್ಕಾಗಿ ಆ ಸಂಸ್ಥೆಯ ಆನಂದ ಕುಮಾರರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ದೊರೆಯಿತು. ಇಂಥ ಪದ್ಧತಿ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರಗಳ ಕಡೆಗೂ ಬಂದಿತು. ಇದಕ್ಕೆ ಬದಲಾಗಿ ಬೇಲಿಗೆ ಕಳ್ಳ ಕರೆಂಟು ಹಾಯಿಸುವುದು ಘೋರವಾದ ತಪ್ಪು. 2023ರ ಮಾರ್ಚಿಯಲ್ಲಿ ಪಕ್ಕದ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಅಂಥ ಬೇಲಿ ತಗುಲಿ ಮೂರು ಆನೆಗಳು ಸತ್ತವು. ಆ ತಂತಿಗೆ ಆನೆ ಯಾವುದು, ಮನುಷ್ಯ ಯಾರು ಎಂಬ ಭೇದವಿಲ್ಲ.

ಸುದ್ದಿಯ ಭಾಷೆಯೂ ಮುಖ್ಯ. ಇಲಾಖೆಯ ಸೂಚನೆ ತಮಿಳಿನಲ್ಲಿ ಬರುತ್ತದೆ. ನಮ್ಮ ಹಳ್ಳಿಗಳ ಎಷ್ಟೋ ಹಿರಿಯರಿಗೆ ಕನ್ನಡವೋ ತೆಲುಗೋ ಬಂದೀತು, ತಮಿಳು ಓದಲು ಬಾರದು. ಶಾಲೆಯಲ್ಲಿ ತಮಿಳು ಕಲಿತ ಮಕ್ಕಳು ಅದನ್ನು ಓದಿ ತಾತನಿಗೆ ಕನ್ನಡದಲ್ಲಿ ಹೇಳಲಿ. ಅದನ್ನೇ ಬಾಯಿಮಾತಿನಲ್ಲಿ ಗುಂಪಿಗೂ ಹಾಕಲಿ. ಮಕ್ಕಳ ಕೈಗೆ ಮೊಬೈಲು ಕೊಡುವುದಾದರೆ ಇಂಥ ಕೆಲಸಕ್ಕೆ ಕೊಡುವುದು ಲೇಸಲ್ಲವೇ?

ಇನ್ನು ಮೊಬೈಲಿನ ಜೊತೆಯ ಸಾಮಾನುಗಳ ವಿಚಾರ. ಚಾರ್ಜರು, ಪವರ್ ಬ್ಯಾಂಕುಗಳನ್ನು ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಗುರುತನ್ನೂ, ಅದರೊಡನೆ ‘ಆರ್’ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆಯನ್ನೂ ನೋಡಿ ಕೊಳ್ಳಬೇಕು. ಆ ಸಂಖ್ಯೆ ನಿಜವೋ ಸುಳ್ಳೋ ಎಂಬುದನ್ನು ‘ಬಿ.ಐ.ಎಸ್. ಕೇರ್’ ಆ್ಯಪಿನಲ್ಲಿ ಪರೀಕ್ಷಿಸಬಹುದು. 10,000 ಎಂದು ಬರೆದ ಪವರ್ ಬ್ಯಾಂಕು 5,000ದ ಬ್ಯಾಟರಿಯನ್ನು ಎರಡು ಸಲ ತುಂಬೀತೆಂದು ಲೆಕ್ಕ ಹಾಕಬೇಡಿರಿ. ವೋಲ್ಟೇಜನ್ನು ಏರಿಸುವಾಗಲೂ ಬಿಸಿಯಾಗುವಾಗಲೂ ಶಕ್ತಿ ನಷ್ಟವಾಗುವುದರಿಂದ, ಕೈಗೆ ದಕ್ಕುವುದು ಸುಮಾರು ಒಂದೂಕಾಲು ಸಲ ಮಾತ್ರ. ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು. ಫೋನನ್ನು ಬಿಸಿಲಿನ ಬದುವಿನ ಮೇಲಾಗಲಿ, ತಗಡಿನ ಪಂಪುಮನೆಯಲ್ಲಾಗಲಿ ಇಡಬಾರದು. ಬ್ಯಾಟರಿ ಉಬ್ಬಿದ್ದು ಕಂಡರೆ ಅದನ್ನು ಒತ್ತದೆ, ಚುಚ್ಚದೆ, ಚಾರ್ಜಿಗೂ ಹಾಕದೆ ಬದಲಾಯಿಸತಕ್ಕದ್ದು.

ಕೊಳವೆಬಾವಿಯುಳ್ಳವರಲ್ಲಿ ಹಲವರು ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾರೆ. ಪೆಟ್ಟಿಗೆಯೊಳಗಿನ ಸಿಮ್ ಕಾರ್ಡಿಗೆ ಕರೆ ಮಾಡಿದರೆ ಮೋಟಾರು ಓಡುತ್ತದೆ. ಮೂರು ಫೇಸ್‌ಗಳಲ್ಲಿ ಒಂದು ಕೈಕೊಟ್ಟರೆ, ಇಲ್ಲವೆ ಬಾವಿಯ ನೀರು ಇಳಿದರೆ, ಒಳ್ಳೆಯ ಸ್ಟಾರ್ಟರು ತಾನೇ ಮೋಟಾರನ್ನು ನಿಲ್ಲಿಸುತ್ತದೆ. ಆನೆಯ ಕಾಲದಲ್ಲಿ ರಾತ್ರಿ ಹೊಲಕ್ಕೆ ಹೋಗುವ ಗಂಡಾಂತರವೂ ತಪ್ಪುತ್ತದೆ. ಆದರೆ ಒಂದು ಎಚ್ಚರಿಕೆ: ಹೊಸೂರಿನ ಬಸ್ಸಿನಲ್ಲಿ ಕುಳಿತು ಕರೆ ಮಾಡುವವನಿಗೆ, ಪಂಪಿನ ಬಳಿ ಯಾರ ಕೈ ಇದೆಯೆಂಬುದು ಕಾಣುವುದಿಲ್ಲ. ರಿಪೇರಿಗೆ ಕೈಯಿಡುವ ಮುನ್ನ ಫ್ಯೂಸನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿರಿ.

ಹವೆಯ ಸೂಚನೆಗೆ 2019ರಲ್ಲಿ ಬಂದ ‘ಮೇಘದೂತ’ ಆ್ಯಪು ಇದೆ. ಇದರಲ್ಲಿ ಮಂಗಳವಾರ, ಶುಕ್ರವಾರಗಳಂದು ಜಿಲ್ಲಾವಾರು ಬೇಸಾಯದ ಸಲಹೆ ಸಿಗುತ್ತದೆ. ಆನೆ ತುಳಿದ ಹೊಲವನ್ನು, ಆನೆಗಳು ಕಾಡು ಸೇರಿದ ಮೇಲೆ, ಹಗಲಿನಲ್ಲಿ ನಾಲ್ಕೂ ಮೂಲೆಯಿಂದ ಫೋಟೋ ತೆಗೆದಿಟ್ಟುಕೊಂಡರೆ ಪರಿಹಾರದ ಅರ್ಜಿಗೆ ಆಧಾರವಾಗುತ್ತದೆ. ಆನೆಯ ಫೋಟೋ ತೆಗೆಯಲು ಮಾತ್ರ ಹತ್ತಿರ ಹೋಗಬಾರದು.

ಮೋಸಗಾರರೂ ಇದೇ ಫೋನಿನಲ್ಲಿ ಬರುತ್ತಾರೆ. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಹಣದ ಹೆಸರು ಹೇಳಿ, ಒತ್ತಲು ಏನನ್ನಾದರೂ ಕಳುಹಿಸಿದರೆ ಒತ್ತಬೇಡಿರಿ. ಓಟಿಪಿಯನ್ನು ಯಾರಿಗೂ ಹೇಳಬೇಡಿರಿ. ಹಣ ಹೋದದ್ದು ತಿಳಿದೊಡನೆ 1930ಕ್ಕೆ ಕರೆ ಮಾಡಿರಿ. ತಡವಾದಷ್ಟೂ ಹಣ ಕೈಮೀರುತ್ತದೆ. *#06# ಒತ್ತಿದಾಗ ಕಾಣುವ ಹದಿನೈದು ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿರಿ. ಫೋನು ಕಳೆದರೆ ‘ಸಂಚಾರ್ ಸಾಥಿ’ಯಲ್ಲಿ ಅದನ್ನು ತಡೆಹಿಡಿಸಲು ಆ ಸಂಖ್ಯೆ ಬೇಕಾಗುತ್ತದೆ.

ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ, ಹೊಸೂರಿನ ಸಮೀಪದ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ, ಐಫೋನಿನ ಹೊರಕವಚ ತಯಾರಾಗುತ್ತದೆ. ಲೋಕಕ್ಕೆಲ್ಲ ಫೋನಿನ ಮೈ ಮಾಡಿಕೊಡುವ ಸೀಮೆಯವರು ನಮ್ಮ ಕೈಯ ಫೋನನ್ನು ಕಾಪಾಡಿಕೊಳ್ಳಲಾರೆವೇ?

ಅಂದು ಹುಡುಗನ ಮಾತಿನಂತೆ ಕುಡುಗೋಲಿನ ಕೆಳಗೆ ‘ಮೊಬೈಲು’ ಎಂದು ಕರಿಹಲಗೆಯ ಮೇಲೆ ಬರೆದೆವು. ಕುಡುಗೋಲನ್ನು ಕೊಯ್ಲಿನ ಹಿಂದಿನ ದಿನವೇ ಮಸೆದಿಡುತ್ತೇವೆ. ಅಂತೆಯೇ ತೆನೆಗಟ್ಟಿದ ದಿನಗಳಲ್ಲಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ತುಂಬಿರಬೇಕು, ದನಿ ತೆರೆದಿರಬೇಕು, ತಲೆದೆಸೆಯಲ್ಲಿರಬೇಕು. ನಮ್ಮ ಮನೆಯಲ್ಲಿ ಈಗ ಆ ಕೆಲಸ ತಂದೆಯವರದು. ಒಂದು ಸಂಜೆಯೂ ಅವರು ಮರೆತಿಲ್ಲ.