ಕ್ಯಾನ್ ನೀರು ಮೂಗಿಗಲ್ಲ

ಅರಸೀಕೆರೆ ಸೀಮೆಯಲ್ಲಿ ನೀರಿನ ಮಾತೆತ್ತಿದರೆ ಮೊದಲು ಬರುವ ಹೆಸರು ಫ್ಲೋರೈಡ್. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರ ಕೀಲುಗಳಲ್ಲಿ ಬಿಗಿತ, ಇವೆಲ್ಲ ಬೋರ್ ನೀರು ತಂದಿಟ್ಟ ಕಷ್ಟಗಳು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಶುದ್ಧ ಕುಡಿಯುವ ನೀರಿನ ಘಟಕಗಳು ಹಳ್ಳಿಗಳಿಗೆ ಬಂದದ್ದು ಇಂಥ ತೊಂದರೆಗಳಿಗಾಗಿಯೇ. ನಾಣ್ಯ ಹಾಕಿ, 20 ಲೀಟರಿನ ಕ್ಯಾನು ತುಂಬಿಸಿ, ಬೈಕಿನ ಮೇಲಿಟ್ಟು ಮನೆಗೆ ತರುವುದು ಈಗ ದಿನದ ಕೆಲಸ. ‘ಫಿಲ್ಟರ್ ನೀರು’ ಎಂದರೆ ಅದಕ್ಕಿಂತ ಶುದ್ಧವಾದದ್ದಿಲ್ಲ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಕುಡಿಯುವ ಮಟ್ಟಿಗೆ ಆ ನಂಬಿಕೆಯಲ್ಲಿ ಅರ್ಥವಿದೆ. ಆದರೆ ಅದೇ ನೀರಿಗೆ ಉಪ್ಪು ಬೆರೆಸಿ ಮೂಗಿನೊಳಗೆ ಬಿಟ್ಟುಕೊಳ್ಳುವವರಿದ್ದಾರೆ. ಅವರಿಗೆ ಒಂದು ಮಾತು ಹೇಳಲೇಬೇಕಾಗಿದೆ.

ಮೂಗು ತೊಳೆಯುವುದು ಒಳ್ಳೆಯ ಚಿಕಿತ್ಸೆ, ಅದರಲ್ಲಿ ಅನುಮಾನವಿಲ್ಲ. ಕೊಬ್ಬರಿ ಒಡೆಯುವಲ್ಲಿ, ತೆಂಗಿನ ನಾರಿನ ಮಿಲ್ಲುಗಳಲ್ಲಿ ದುಡಿಯುವವರ ಮೂಗಿಗೆ ಇಡೀ ದಿನ ದೂಳು ಹೋಗುತ್ತದೆ. ಬೇಲೂರು, ಹಳೇಬೀಡಿನ ಕಡೆ ಚಳಿಗಾಲದ ಮಂಜು ಬಿದ್ದೊಡನೆ ಅಲರ್ಜಿಯವರ ಸೀನು ಶುರುವಾಗುತ್ತದೆ. ಹದವಾದ ಉಪ್ಪುನೀರು ಒಂದು ಹೊಳ್ಳೆಯಿಂದ ಹೊಕ್ಕು ಇನ್ನೊಂದರಿಂದ ಹರಿದುಹೋದಾಗ ದೂಳು, ಒಣಗಿದ ಸಿಂಬಳ, ಅಲರ್ಜಿ ಎಬ್ಬಿಸುವ ಕಣ ಎಲ್ಲವೂ ಕೊಚ್ಚಿಹೋಗುತ್ತವೆ. ಸೈನಸ್ ಆಪರೇಷನ್ ಆದವರಿಗೂ ವೈದ್ಯರು ಇದನ್ನು ಹೇಳುತ್ತಾರೆ. ಯೋಗದವರ ಜಲನೇತಿ, ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಪ್ಲಾಸ್ಟಿಕ್ ಬಾಟಲಿ, ಎರಡರ ಕೆಲಸವೂ ಒಂದೇ.

ಉಪ್ಪು ಏಕೆ ಬೇಕು? ಬರಿಯ ನೀರು ಮೂಗಿನ ಒಳಪೊರೆಯ ಜೀವಕೋಶಗಳೊಳಗೆ ನುಗ್ಗಿ ಅವನ್ನು ಉಬ್ಬಿಸುತ್ತದೆ, ಅದಕ್ಕೇ ಆ ಉರಿ. ನೂರು ಪಾಲಿಗೆ 0.9 ಪಾಲು ಉಪ್ಪಿದ್ದರೆ, ಅಂದರೆ ಲೀಟರಿಗೆ 9 ಗ್ರಾಂ ಇದ್ದರೆ, ನೀರು ಹೆಚ್ಚುಕಡಿಮೆ ನಮ್ಮ ರಕ್ತದ ಹದಕ್ಕೆ ಬರುತ್ತದೆ. ಈ ಲೆಕ್ಕ ಕಂಡುಕೊಂಡವರು ಹಾಲೆಂಡಿನ ವಿಜ್ಞಾನಿ ಹ್ಯಾಂಬರ್ಗರ್, 19ನೆಯ ಶತಮಾನದ ಕೊನೆಯಲ್ಲಿ. ಆಸ್ಪತ್ರೆಯ ‘ನಾರ್ಮಲ್ ಸಲೈನ್’ ಎಂದರೆ ಇದೇ.

ಅಪಾಯ ಇರುವುದು ಉಪ್ಪಿನಲ್ಲಲ್ಲ, ನೀರಿನಲ್ಲಿ. ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ. ಅದಿರುವ ನೀರು ಕುಡಿದರೆ ಏನೂ ಆಗದು. ಮೂಗಿನ ಮೇಲ್ಭಾಗಕ್ಕೆ ಏರಿದರೆ ಮಾತ್ರ ವಾಸನೆಯ ನರದ ಜಾಡು ಹಿಡಿದು ನೇರವಾಗಿ ಮಿದುಳಿಗೆ ಹೋಗುತ್ತದೆ. ರೋಗ ಬಹಳ ಅಪರೂಪ, ಆದರೆ ಬಂದವರಲ್ಲಿ ಬದುಕುಳಿದವರು ಬೆರಳೆಣಿಕೆಯಷ್ಟು. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿಕೊಂಡ ಇಬ್ಬರು ಇದರಿಂದಲೇ ತೀರಿಕೊಂಡರು. ಅದು ದೂರದ ಕಥೆ ಎನ್ನುವ ಹಾಗಿಲ್ಲ. ಮಂಗಳೂರಿನಲ್ಲಿ ಐದು ತಿಂಗಳ ಹಸುಗೂಸೊಂದು ಈ ಅಮೀಬಾಕ್ಕೆ ಬಲಿಯಾದ ವರದಿ 2002ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಬಾವಿ ನೀರಿನ ಸ್ನಾನದಲ್ಲಿ ಸೋಂಕು ತಗುಲಿರಬಹುದೆಂದು ಅಲ್ಲಿನ ವೈದ್ಯರು ಊಹಿಸಿದ್ದರು. ಕೇರಳದಲ್ಲಿ ಪ್ರಕರಣಗಳು ಹೆಚ್ಚಿದಾಗ, 2025ರ ನವೆಂಬರಿನಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಶಬರಿಮಲೆಗೆ ಹೊರಟವರಿಗೆ ಎಚ್ಚರಿಕೆ ಕೊಟ್ಟಿತು: ನಿಂತ ನೀರಿನಲ್ಲಿ ಮೀಯುವಾಗ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ. ಮಾಲೆ ಹಾಕಿದವರು ನಮ್ಮ ಊರುಗಳಲ್ಲೂ ಬೇಕಾದಷ್ಟು ಜನ. ಬೇಸಿಗೆ ರಜೆಯಲ್ಲಿ ಕೆರೆಗೆ ಧುಮುಕುವ ಹುಡುಗರಿಗೂ ಈ ಮಾತು ಸಲ್ಲುತ್ತದೆ.

ಕೆರೆಯ ನೀರಿಗೆ ಹೆದರುವವರೂ ಕ್ಯಾನ್ ನೀರನ್ನು ನಂಬುತ್ತಾರೆ. ಘಟಕದ ಪೊರೆ ಫ್ಲೋರೈಡನ್ನು ತಡೆಯುತ್ತದೆ, ಅದು ನಿಜ. ಆದರೆ ಪೊರೆ ದಾಟಿದ ನೀರು ಟ್ಯಾಂಕಿನಲ್ಲಿ ನಿಲ್ಲುತ್ತದೆ, ಪೈಪಿನಲ್ಲಿ ಹರಿಯುತ್ತದೆ, ಕೊನೆಗೆ ನಮ್ಮ ಕ್ಯಾನಿಗೆ ಬೀಳುತ್ತದೆ. ಬಿಸಿಲಿಗಿಟ್ಟ ಹಳೇ ಕ್ಯಾನಿನ ಒಳಗೆ ಕೈಯಾಡಿಸಿ ನೋಡಿ, ಬೆರಳಿಗೆ ಲೋಳೆ ಹತ್ತುತ್ತದೆ. ಕೆಲವೊಮ್ಮೆ ತಳದಲ್ಲಿ ಹಸಿರು ಪಾಚಿಯೂ ಕಾಣುತ್ತದೆ. ಆ ನೀರಿನಲ್ಲಿ ಕ್ಲೋರಿನ್ ಕೂಡ ಉಳಿದಿರುವುದಿಲ್ಲ. ಇತ್ತ ಕುದಿಸಿದ ನೀರಿನಲ್ಲಿ ಫ್ಲೋರೈಡ್ ಇದ್ದಷ್ಟೂ ಇರುತ್ತದೆ, ಆದರೆ ಅಮೀಬಾ ಸಾಯುತ್ತದೆ. ಹಾಗಾಗಿ ಅರಸೀಕೆರೆಯವರು ಎರಡು ಲೆಕ್ಕ ಬೇರೆಬೇರೆ ಇಟ್ಟುಕೊಳ್ಳಬೇಕು. ಹೊಟ್ಟೆಗೆ ಫಿಲ್ಟರ್ ನೀರು, ಮೂಗಿಗೆ ಕುದಿಸಿ ಆರಿಸಿದ ನೀರು.

ಕುದಿ ಬಂದ ಮೇಲೆ 1 ನಿಮಿಷ ಕೊತಕೊತ ಕುದಿಸಿದರೆ ಸಾಕು. 6,500 ಅಡಿಗಿಂತ ಎತ್ತರದಲ್ಲಿರುವವರಿಗೆ 3 ನಿಮಿಷ ಎನ್ನುತ್ತಾರೆ, ನಮ್ಮ ಪಕ್ಕದ ಮುಳ್ಳಯ್ಯನಗಿರಿಯ ತುದಿಯೂ ಅಷ್ಟು ಎತ್ತರವಿಲ್ಲ. ಮುಚ್ಚಿಟ್ಟು ಉಗುರುಬೆಚ್ಚಗಾದ ಮೇಲೆ ಅರ್ಧ ಲೀಟರಿಗೆ ಒಂದು ಟೀ ಚಮಚ ಪುಡಿ ಉಪ್ಪು, ಮಟ್ಟಸವಾಗಿ. ಹರಳುಪ್ಪು ಬೇಡ, ಚಮಚದ ಲೆಕ್ಕ ತಪ್ಪುತ್ತದೆ, ಮಣ್ಣೂ ಇರುತ್ತದೆ. ಉಳಿದ ನೀರನ್ನು ಚೆಲ್ಲಿ, ಪಾತ್ರೆಯನ್ನೂ ಕುದಿಸಿದ ನೀರಿನಲ್ಲೇ ತೊಳೆದು ಒಣಗಿಸಿಡಿ. ಮೂಗು ಪೂರ್ತಿ ಕಟ್ಟಿದ್ದಾಗ, ಕಿವಿ ನೋವಿದ್ದಾಗ ಒತ್ತಿ ನೀರು ಬಿಡಬಾರದು.

ಆಸ್ಪತ್ರೆಯ ಮಾತಿಗೆ ಬಂದರೂ ನೀರಿನ ಪ್ರಶ್ನೆ ಬೆನ್ನು ಬಿಡುವುದಿಲ್ಲ. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಮಿಡಿಸುತ್ತಿದ್ದರು. ಬಟ್ಟಿ ಇಳಿಸಿದ ನೀರಿನ ಬದಲು ಸಹಾಯಕ ನಲ್ಲಿ ನೀರು ಬಳಸಿದ್ದ. ಆ ನೀರಿನಲ್ಲಿದ್ದ ಕ್ಯಾಲ್ಸಿಯಂನಿಂದಲೇ ಹೃದಯ ಮಿಡಿಯುತ್ತಿತ್ತು ಎಂಬುದು ಆಮೇಲೆ ಗೊತ್ತಾಯಿತು. ಇಂದು ಡ್ರಿಪ್ ಬಾಟಲಿಯಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣ ಹುಟ್ಟಿದ್ದು ಆ ಜಾಡಿನಲ್ಲಿ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ಬಿದ್ದದ್ದೂ ಇದೇ ದ್ರಾವಣದ ಗುಣಮಟ್ಟದ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು. ಬಾಟಲಿಯೊಳಗಿನ ನೀರನ್ನು ರೋಗಿ ಪರೀಕ್ಷಿಸಲಾರ. ಅದಕ್ಕೇ ಅದನ್ನು ಪರೀಕ್ಷಿಸಬೇಕಾದವರ ಹೊಣೆ ಅಷ್ಟು ದೊಡ್ಡದು.

ಗಾಯದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ. ಕುಡಿಯಲು ಯೋಗ್ಯವಾದ ನಲ್ಲಿ ನೀರಿನಿಂದ ಸಾಮಾನ್ಯ ಗಾಯ ತೊಳೆದರೆ ಸಲೈನಿಗಿಂತ ಹೆಚ್ಚು ಸೋಂಕು ತಗುಲುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ. ಅಪಘಾತದಲ್ಲಿ ಮೂಳೆ ಮುರಿದು ಚರ್ಮ ಸೀಳಿದವರ ಮೇಲೆ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸಾಬೂನು ದ್ರಾವಣಕ್ಕಿಂತ ಬರಿಯ ಸಲೈನೇ ವಾಸಿ, ಜೋರಾಗಿ ಚಿಮ್ಮಿಸಬೇಕಾಗಿಯೂ ಇಲ್ಲ ಎಂದು ಅದರಿಂದ ತಿಳಿಯಿತು. ನಾಯಿ ಕಡಿದರೆ ಮಾತ್ರ ಸಾಬೂನು ಬೇಕೇ ಬೇಕು. ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆಮೇಲೆ ಇಂಜೆಕ್ಷನ್ನಿಗೆ ಓಡಬೇಕು.

ಮನೆಯಲ್ಲಿ ಉಳಿದ ಡ್ರಿಪ್ ಬಾಟಲಿಯನ್ನು ಗಾಯ ತೊಳೆಯಲು ಎತ್ತಿಡುವ ರೂಢಿಯನ್ನಂತೂ ಬಿಡಬೇಕು. ಸಲೈನಿನಲ್ಲಿ ಕೆಡದಂತೆ ಕಾಯುವ ಔಷಧಿ ಏನೂ ಇಲ್ಲ. ಗಾಳಿಯಾಡಲೆಂದು ಸೂಜಿ ಚುಚ್ಚಿದ ಗಳಿಗೆಯಿಂದ ಅದು ಬ್ಯಾಕ್ಟೀರಿಯಾಗಳಿಗೆ ತೆರೆದಂತೆ.

ಪ್ರಾಸ್ಟೇಟ್ ಆಪರೇಷನ್ನಿಗೆ ಹಾಸನಕ್ಕೆ ಹೋದ ಹಿರಿಯರ ಹಾಸಿಗೆಯ ಪಕ್ಕ ದೊಡ್ಡ ಸಲೈನ್ ಚೀಲ ತೂಗುಹಾಕಿರುತ್ತಾರೆ. ರಕ್ತ ಹೆಪ್ಪುಗಟ್ಟದಿರಲೆಂದು ಮೂತ್ರಕೋಶವನ್ನು ಬಿಡದೆ ತೊಳೆಯುವ ವ್ಯವಸ್ಥೆ ಅದು. ಜೊತೆಗಿರುವವರು ಕಣ್ಣಿಡಬೇಕಾದ್ದು ಮೇಲಿನ ಚೀಲದ ಮೇಲಲ್ಲ, ಕೆಳಗಿನ ಚೀಲದ ಮೇಲೆ. ಒಳಗೆ ಹೋಗುವುದು ಹೋಗುತ್ತಲೇ ಇದ್ದು ಹೊರಗೆ ಬರುವುದು ನಿಂತರೆ, ಕೆಳಹೊಟ್ಟೆ ಬಿಗಿದು ನೋವೆಂದರೆ, ನಳಿಗೆಯಲ್ಲಿ ಹೆಪ್ಪು ಸಿಕ್ಕಿಕೊಂಡಿದೆ ಎಂದರ್ಥ. ತಕ್ಷಣ ನರ್ಸನ್ನು ಕರೆಯಿರಿ.

ಉಪ್ಪುನೀರು ನೇರವಾಗಿ ಕೊಲ್ಲುವುದೂ ಉಂಟು. ಶುಂಠಿಗೆ, ಆಲೂಗಡ್ಡೆಗೆ ಹೊಡೆಯುವ ಔಷಧಿ ಯಾರ ಹೊಟ್ಟೆಗಾದರೂ ಹೋದರೆ ವಾಂತಿ ಮಾಡಿಸಲೆಂದು ಗಟ್ಟಿ ಉಪ್ಪುನೀರು ಕುಡಿಸುತ್ತಾರೆ. ಇದನ್ನು ಮಾಡಲೇಬೇಡಿ. ವಾಂತಿಯಾಗದಿದ್ದರೆ ಅಷ್ಟೂ ಉಪ್ಪು ರಕ್ತಕ್ಕೆ ಸೇರಿ ಮಿದುಳಿನ ನೀರನ್ನು ಹೀರಿಕೊಳ್ಳುತ್ತದೆ, ಫಿಟ್ಸ್ ಬರುತ್ತದೆ. ವಾಂತಿಯಾದರೆ ವಿಷ ಶ್ವಾಸಕೋಶಕ್ಕೆ ಇಳಿಯಬಹುದು. ಹೊಟ್ಟೆ ತೊಳೆಯಬೇಕೋ ಬೇಡವೋ ಎಂಬುದು ವೈದ್ಯರು ಉಸಿರಿನ ದಾರಿಯನ್ನು ಭದ್ರ ಮಾಡಿಕೊಂಡು ತೀರ್ಮಾನಿಸುವ ವಿಷಯ. ಔಷಧಿಯ ಡಬ್ಬಿ ಹಿಡಿದು 108ಕ್ಕೆ ಫೋನ್ ಮಾಡುವುದೊಂದೇ ಮನೆಯವರ ಕೆಲಸ.

ಇನ್ನು ಸುಣ್ಣ. ಎಲೆ ಅಡಿಕೆ ಹಾಕುವ ಮನೆಗಳಲ್ಲಿ ಸುಣ್ಣದ ಟ್ಯೂಬು, ಪೊಟ್ಟಣ ಮಕ್ಕಳ ಕೈಗೆ ಸಿಕ್ಕಿ, ಹಿಸುಕಿದಾಗ ಕಣ್ಣಿಗೆ ಸಿಡಿಯುತ್ತದೆ. ಸುಣ್ಣ ಕ್ಷಾರ. ಆಮ್ಲಕ್ಕಿಂತ ಆಳಕ್ಕೆ ಇಳಿದು, ತೊಳೆಯುವವರೆಗೂ ಸುಡುತ್ತಲೇ ಇರುತ್ತದೆ. ಇಲ್ಲಿ ನೀರು ಯಾವುದೆಂದು ಕೇಳುತ್ತಾ ಕೂರಬೇಡಿ. ನಲ್ಲಿ, ಬೋರು, ಕ್ಯಾನು, ಕೈಗೆ ಸಿಕ್ಕಿದ ಚೊಕ್ಕ ನೀರನ್ನು ಹೊಯ್ಯಿರಿ. ಸಲೈನಿಗಾಗಿ ಆಸ್ಪತ್ರೆ ತಲುಪುವವರೆಗೆ ಕಾದರೆ ಅಷ್ಟರಲ್ಲಿ ಕಪ್ಪುಗುಡ್ಡೆ ಬೆಳ್ಳಗಾಗಿರುತ್ತದೆ. ಮಗುವನ್ನು ತೊಡೆಯ ಮೇಲೆ ಮಲಗಿಸಿ, ತಲೆಯನ್ನು ನೊಂದ ಕಣ್ಣಿನ ಕಡೆಗೆ ವಾಲಿಸಿ, ಇನ್ನೊಬ್ಬರು ರೆಪ್ಪೆ ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಸಬೇಕು, ಅರ್ಧ ಗಂಟೆ. ಮಗು ಎಷ್ಟೇ ಅತ್ತರೂ ನಿಲ್ಲಿಸಬಾರದು. ಆಸ್ಪತ್ರೆಯಲ್ಲಿ ಡ್ರಿಪ್ ನಳಿಗೆಯಿಂದ ಸಲೈನನ್ನು ಲೀಟರುಗಟ್ಟಲೆ ಹರಿಸಿ, ನಡುನಡುವೆ ಬಣ್ಣ ಬದಲಿಸುವ ಕಾಗದದ ಪಟ್ಟಿಯನ್ನು ಕಣ್ಣಂಚಿಗೆ ತಾಗಿಸಿ ಕ್ಷಾರ ಇಳಿದಿದೆಯೇ ನೋಡುತ್ತಾರೆ. ಮೇಲ್ರೆಪ್ಪೆಯನ್ನು ಮಡಚಿ, ಒಳಗೆ ಅಂಟಿದ ಸುಣ್ಣದ ಚೂರುಗಳನ್ನು ಹತ್ತಿಕಡ್ಡಿಯಿಂದ ತೆಗೆಯುತ್ತಾರೆ. ಬಾಗಿಲಲ್ಲೇ ಸಿಬ್ಬಂದಿಗೆ ಹೇಳಬೇಕಾದ್ದು ಮೂರು ಸಂಗತಿ: ಕಣ್ಣಿಗೆ ಬಿದ್ದದ್ದು ಸುಣ್ಣ, ಬಿದ್ದು ಎಷ್ಟು ಹೊತ್ತಾಯಿತು, ಮನೆಯಲ್ಲಿ ಎಷ್ಟು ಹೊತ್ತು ತೊಳೆದಿರಿ. ಸಾಲಿನಲ್ಲಿ ಕಾಯಲು ಹೇಳಿದರೆ ಒಪ್ಪಬೇಡಿ, ಕಾಯುವ ಹೊತ್ತಿನಲ್ಲೂ ನೀರು ಹರಿಯುತ್ತಲೇ ಇರಲಿ.